ಗದಗಿನ ಹತ್ತಿ ಡಬ್ಬಿ, 87ರಲ್ಲಿ ಒಂದು ಪಾಲು

ಗೂಡ್ಸ್ ವ್ಯಾಗನ್ನಿನ ಮಾದರಿ ಕಟ್ಟುತ್ತೇನೆ ಅಂದಾಗ ಜನ ಮೊದಲು ಕೇಳುವುದು "ಎಷ್ಟ್ ಖರ್ಚಾತು?" ಆಮೇಲೆ "ಓಡತೈತೇನು?" ಈ ಹುಚ್ಚು ಹಿಡಿದವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದದ್ದು ಬೇರೆಯೇ ಇದೆ: ಯಾವ ಇಸವಿಯ ಡಬ್ಬಿ? ಇದನ್ನು ಇತ್ಯರ್ಥ ಮಾಡಿಕೊಳ್ಳದೆ ಬ್ಲೇಡು ಹಿಡಿದರೆ, ಕೊನೆಗೆ ಕೈಯಲ್ಲಿ ಉಳಿಯುವುದು ಯಾವ ಕಾಲಕ್ಕೂ ಯಾವ ಊರಿಗೂ ಸೇರದ ಒಂದು ಕಂದು ಪೆಟ್ಟಿಗೆ.

ನನಗೆ ಬೇಕಾಗಿದ್ದು ಗದಗಿನಿಂದ ಹತ್ತಿ ಹೇರಿಕೊಂಡು ಹೊರಡುತ್ತಿದ್ದ ಮೀಟರ್ ಗೇಜ್ ಡಬ್ಬಿ, ಅಂದರೆ ಒಂದು ಮೀಟರ್ ಅಗಲದ ಹಳಿಯ ಮೇಲೆ ಓಡುವಂಥದ್ದು. ನಾಲ್ಕು ಗಾಲಿ, ಸುತ್ತ ತಗಡು, ಮೇಲೆ ಬಾಗಿದ ಮಾಡು. ನೋಡಲು ಎಲ್ಲ ಒಂದೇ ಥರ ಕಂಡರೂ ಇಸವಿ ಬದಲಾದಂತೆ ಅದರ ಮೈಮೇಲಿನ ಬರಹವೂ ಬದಲಾಗುತ್ತ ಹೋಗಿದೆ. ಸದರ್ನ್ ಮರಾಠಾ ರೈಲ್ವೆ 1908ರಲ್ಲಿ ಮದ್ರಾಸ್ ರೈಲ್ವೆಯ ಜೊತೆ ಸೇರಿ ಎಂ.ಎಸ್.ಎಂ. ಆಯಿತು. 1951ರ ಏಪ್ರಿಲ್‌ನಲ್ಲಿ ಅದು ದಕ್ಷಿಣ ರೈಲ್ವೆಯೊಳಗೆ ಹೋಯಿತು. 1966ರ ಅಕ್ಟೋಬರ್‌ನಲ್ಲಿ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿ ಹುಬ್ಬಳ್ಳಿ ವಿಭಾಗ ಅದರ ಪಾಲಿಗೆ ಬಂತು. 2003ರಲ್ಲಿ ನೈಋತ್ಯ ರೈಲ್ವೆ ಬಂದು ಹುಬ್ಬಳ್ಳಿಯೇ ಅದರ ಮುಖ್ಯ ಕಚೇರಿಯಾಯಿತು. ಆದರೆ ಅಷ್ಟರೊಳಗೆ ಹುಬ್ಬಳ್ಳಿ–ಗದಗ ಹಳಿ ಬ್ರಾಡ್ ಗೇಜ್ ಆಗಿ, ನನ್ನ ಡಬ್ಬಿಗೆ ಇಲ್ಲಿ ಜಾಗವೇ ಇರಲಿಲ್ಲ. ಹೀಗಾಗಿ ನೈಋತ್ಯದ ಅಕ್ಷರ ಬರೆದ ಹತ್ತಿ ಡಬ್ಬಿ ಈ ಹಳಿಯ ಮೇಲೆ ನಿಲ್ಲುವ ಮಾತೇ ಇಲ್ಲ.

ನಾನು ಆರಿಸಿಕೊಂಡದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳು. ಎಂ.ಎಸ್.ಎಂ. ಕಾಲದ ಡಬ್ಬಿ ಹೆಚ್ಚು ಚಂದ, ಒಪ್ಪುತ್ತೇನೆ. ಆದರೆ ಅದನ್ನು ಕೈಯಿಂದ ಮುಟ್ಟಿದವರು ಈಗ ಯಾರೂ ಸಿಗುವುದಿಲ್ಲ. ಎಪ್ಪತ್ತರ ದಶಕದ ಡಬ್ಬಿಯ ಆ್ಯಕ್ಸಲ್ ಬಾಕ್ಸ್, ಅಂದರೆ ಗಾಲಿಯ ಅಚ್ಚಿನ ತುದಿ ಕೂಡುವ ಪೆಟ್ಟಿಗೆ, ಮುಟ್ಟಿ ನೋಡಿದವರು ಹುಬ್ಬಳ್ಳಿಯಲ್ಲಿ ಇನ್ನೂ ಬೆಳಿಗ್ಗೆ ಎದ್ದು ವಾಕಿಂಗ್ ಹೋಗುತ್ತಾರೆ. ಕೇಶ್ವಾಪುರದಲ್ಲಿ ನಮ್ಮ ಓಣಿಯ ತುದಿಗಿರುವ ಕಾಕಾ ಅಂಥವರಲ್ಲೊಬ್ಬರು. ಟಿ.ಎಕ್ಸ್.ಆರ್. ಆಗಿದ್ದವರು, ಅಂದರೆ ಗಾಡಿ ನಿಂತಾಗ ಸುತ್ತಿಗೆ ಹಿಡಿದು ಉದ್ದಕ್ಕೂ ನಡೆದು ಡಬ್ಬಿ ಡಬ್ಬಿ ತಪಾಸು ಮಾಡುವ ಕೆಲಸ. ನಕ್ಷೆಯಲ್ಲಿ ಇಲ್ಲದ್ದೆಲ್ಲ ಅವರ ತಲೆಯಲ್ಲಿದೆ.

ನಕ್ಷೆಯಂತೂ ನನಗೆ ಸಿಗಲಿಲ್ಲ. ಸಿಕ್ಕದ್ದು ಒಂದು ಡಬ್ಬಿಯ ಮೈ. ಗೇಜ್ ಬದಲಾದ ಮೇಲೆ ಕೆಲಸ ಕಳೆದುಕೊಂಡ ಡಬ್ಬಿಗಳ ಗಾಲಿ ಬಿಚ್ಚಿ, ಮೈಯನ್ನು ನೆಲಕ್ಕೆ ಕೂಡಿಸಿ, ಗ್ಯಾಂಗಿನವರ ಸಾಮಾನು ಇಡುವ ಕೋಣೆ ಮಾಡಿಕೊಳ್ಳುವುದು ರೈಲ್ವೆಯಲ್ಲಿ ಹಳೆಯ ರೂಢಿ. ಗದಗ ಮಾರ್ಗದ ಒಂದು ಸಣ್ಣ ಸ್ಟೇಷನ್ನಿನ ಹಿಂದೆ ಅಂಥದ್ದೊಂದು ಜಾಲಿ ಕಂಟಿಯ ನಡುವೆ ಕೂತಿತ್ತು. ಅಲ್ಲಿನ ಮಾಸ್ತರರಿಗೆ ಬರೆದು ಕೊಟ್ಟು, ಹಳಿಯ ಹತ್ತಿರ ಸುಳಿಯುವುದಿಲ್ಲ ಅಂತ ಒಪ್ಪಿಕೊಂಡು, ಟೇಪು ಹಿಡಿದೆ. ರೈಲ್ವೆ ಜಾಗದಲ್ಲಿ ಕೇಳದೆ ಟೇಪು ಬಿಚ್ಚಬಾರದು. ಕೇಳಿದರೆ ಬಹಳಷ್ಟು ಮಂದಿ ಇಲ್ಲ ಅನ್ನುವುದಿಲ್ಲ, ಚಹಾನೂ ಕುಡಿಸುತ್ತಾರೆ.

ಅಳತೆ ತೆಗೆಯುವುದಕ್ಕೂ ಒಂದು ಕ್ರಮ ಇದೆ. ಟೇಪಿನಿಂದ ಉದ್ದ, ಅಗಲ, ಎತ್ತರ, ಬಾಗಿಲಿನ ಅಗಲ ಇಷ್ಟು ಸಾಕು. ಉಳಿದದ್ದಕ್ಕೆ ಕ್ಯಾಮೆರಾ. ಒಂದು ಮೀಟರ್ ಉದ್ದದ ಕೋಲಿಗೆ ಹತ್ತು ಹತ್ತು ಸೆಂಟಿಮೀಟರಿಗೆ ಕಪ್ಪು ಬಿಳಿ ಪಟ್ಟೆ ಬಳಿದು, ಅದನ್ನು ಡಬ್ಬಿಗೆ ಆನಿಸಿ ನಿಲ್ಲಿಸಿ, ದೂರ ಹೋಗಿ ಝೂಮ್ ಮಾಡಿ ನೇರ ಮುಂದಿನಿಂದ ಫೋಟೋ ತೆಗೆಯಬೇಕು. ಹತ್ತಿರದಿಂದ ತೆಗೆದರೆ ಅಂಚುಗಳು ವಾರೆಯಾಗಿ ಅಳತೆ ಸುಳ್ಳು ಹೇಳುತ್ತದೆ. ಆಮೇಲೆ ಮನೆಯಲ್ಲಿ ಕೂತು ಕೋಲಿನ ಪಟ್ಟೆಗೆ ಹೋಲಿಸಿ ಯಾವ ರೈವೆಟ್ ಎಲ್ಲಿದೆ ಅಂತ ಗುರುತು ಹಾಕಬಹುದು. ಮೈ ಉದ್ದ 5.8 ಮೀಟರಿನ ಆಸುಪಾಸು ಬಂತು. 87ರಿಂದ ಭಾಗಿಸಿದರೆ 66.7 ಮಿಲಿಮೀಟರ್. ಅಂಗೈಯಲ್ಲಿ ಕೂಡುವ ಸಾಮಾನು.

ಈ 87ರ ಬಗ್ಗೆ ಎರಡು ಮಾತು. ಜಗತ್ತಿನಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ಮಾದರಿ ಅಳತೆ ಎಚ್.ಒ., ಅಂದರೆ ಒಂದು ಅಡಿಗೆ ಮೂರೂವರೆ ಮಿಲಿಮೀಟರ್. ಅದೇ 1:87. ಅದರ ಹಳಿಯ ಅಗಲ 16.5 ಮಿ.ಮೀ. ಇದು ಯುರೋಪ್ ಅಮೆರಿಕಗಳ 1435 ಮಿ.ಮೀ. ಹಳಿಗೆ ಸರಿಯಾಗಿ ಹೊಂದುತ್ತದೆ. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ., ಅದನ್ನು 87ರಿಂದ ಭಾಗಿಸಿದರೆ 19.3 ಬರುತ್ತದೆ. ಹಾಗಾಗಿ ನಮ್ಮ ಬ್ರಾಡ್ ಗೇಜ್ ಮಾದರಿಯನ್ನು ಪೇಟೆಯ ಹಳಿ ಮೇಲೆ ನಿಲ್ಲಿಸಿದರೆ ಕಾಲು ಜೋಡಿಸಿ ನಿಂತ ಹಾಗೆ ಕಾಣುತ್ತದೆ, ಎಷ್ಟೋ ಮಂದಿ ಅದಕ್ಕೆ ಕಣ್ಣು ಮುಚ್ಚಿಕೊಂಡು ಒಗ್ಗಿದ್ದಾರೆ. ಮೀಟರ್ ಗೇಜಿನವರ ನಸೀಬು ಚಲೋ. 1000 ಮಿ.ಮೀ.ಯನ್ನು 87ರಿಂದ ಭಾಗಿಸಿದರೆ 11.5. ಟಿ.ಟಿ. ಅಂತ ಇನ್ನೊಂದು ಅಳತೆ ಇದೆ, 1:120, ಅದರ ಹಳಿ 12 ಮಿ.ಮೀ. ಅರ್ಧ ಮಿಲಿಮೀಟರಿನ ವ್ಯತ್ಯಾಸವನ್ನು ಯಾವ ಕಣ್ಣೂ ಹಿಡಿಯುವುದಿಲ್ಲ. ಗಾಲಿಯ ವಿಷಯದಲ್ಲಂತೂ ಇನ್ನೂ ಚಂದ ಕೂಡಿಬಂತು. ಒಂದು ಸ್ಟೇಷನ್ನಿನ ಮುಂದೆ ಶೋಭೆಗೆ ಅಂತ ಇಟ್ಟ ಮೀಟರ್ ಗೇಜ್ ಗಾಲಿ ಜೋಡಿಯನ್ನು ಅಳೆದಾಗ ವ್ಯಾಸ 725 ಮಿ.ಮೀ. ಹತ್ತಿರ ಇತ್ತು. 87ರಲ್ಲಿ ಒಂದು ಪಾಲು ಅಂದರೆ 8.3. ಟಿ.ಟಿ. ಅಳತೆಯಲ್ಲಿ ಒಂದು ಮೀಟರ್ ವ್ಯಾಸದ ಗಾಲಿಯೂ 8.3! ಗಾಲಿಗಳನ್ನು ಜರ್ಮನಿಯಿಂದ ತರಿಸಿದೆ. ಗಾಲಿಯ ದರಕ್ಕಿಂತ ಕೊರಿಯರ್ ದರ ಹೆಚ್ಚಾಯಿತು. ಆದರೆ ಗಾಲಿಯನ್ನು ಮನೆಯಲ್ಲಿ ಮಾಡಲು ಹೋಗಬಾರದು, ಗುಂಡಗಿಲ್ಲದ ಗಾಲಿ ಇಡೀ ಕೆಲಸ ಕೆಡಿಸುತ್ತದೆ.

ಗಾಲಿ ಬಿಟ್ಟರೆ ಮಿಕ್ಕದ್ದೆಲ್ಲ ಹುಬ್ಬಳ್ಳಿಯದೇ. ವಿದೇಶದವರು ಸ್ಟೈರೀನ್ ಅನ್ನುವ ಪ್ಲಾಸ್ಟಿಕ್ ಹಾಳೆ ಬಳಸುತ್ತಾರೆ, ಅರ್ಧ ಮಿಲಿಮೀಟರ್, ಕಾಲು ಮಿಲಿಮೀಟರ್ ಅಂತ ಅಚ್ಚುಕಟ್ಟಾದ ಪಾಕೀಟು ಬರುತ್ತವೆ. ಇಲ್ಲಿ ಬೋರ್ಡು ಬರೆಯುವ ಅಂಗಡಿಗಳವರು ಎಚ್.ಐ.ಪಿ.ಎಸ್. ಅಂತ ಬಿಳಿ ಹಾಳೆ ಇಟ್ಟಿರುತ್ತಾರೆ, ಅದೂ ಸ್ಟೈರೀನೇ. ಅವರ ಕಟಿಂಗ್ ಚೂರುಗಳನ್ನು ತೂಕಕ್ಕೆ ಕೊಟ್ಟುಬಿಡುತ್ತಾರೆ. ದಪ್ಪ ಬೇಕಾದಲ್ಲಿ ಗುಜರಿಯ ಹಳೆಯ ಫ್ರಿಜ್ಜಿನ ಒಳಮೈ ಕತ್ತರಿಸಿಕೊಂಡೆ. ಅದೂ ಬಹುಮಟ್ಟಿಗೆ ಇದೇ ಜಾತಿ. ಡಬ್ಬಿಯ ತಳ ಪೂರ್ತಿ ಫ್ರಿಜ್ಜು.

ಇನ್ನು ರೈವೆಟ್. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ರುಚಿ ಹತ್ತಿದ ಭಾಗ ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಿಜವಾದ ಡಬ್ಬಿಯ ತಗಡನ್ನು ಅದರ ಹೊರಗಿನ ಆ್ಯಂಗಲ್ ಪಟ್ಟಿಗಳಿಗೆ ರೈವೆಟ್ ಬಡಿದು ಕೂಡಿಸಿರುತ್ತಾರೆ. ತಲೆ ಸುಮಾರು ಒಂದು ಇಂಚು ಅಗಲ. ಮಾದರಿಯಲ್ಲಿ ಅದು 0.3 ಮಿ.ಮೀ. ಒಂದಕ್ಕೊಂದು ಅಂತರ ಮೂರು ನಾಲ್ಕು ಇಂಚು ಇದ್ದರೆ ಮಾದರಿಯಲ್ಲಿ ಒಂದು ಮಿಲಿಮೀಟರಿಗೆ ಒಂದು ತಲೆ. ತೆಳು ಹಾಳೆಯ ಹಿಂಬದಿಯಿಂದ ಮೊನೆಯಿಂದ ಒತ್ತಿದರೆ ಮುಂಬದಿಗೆ ಗುಳ್ಳೆ ಏಳುತ್ತದೆ, ಅದೇ ರೈವೆಟ್. ಒಂದೊಂದಾಗಿ ಕಂಪಾಸಿನ ಮೊನೆಯಿಂದ ಒತ್ತುತ್ತ ಹೋದರೆ ಸಾಲು ಸೊಟ್ಟ ಹೋಗುವುದು ಗ್ಯಾರಂಟಿ. ಗುಳ್ಳೆಯ ಗಾತ್ರ ಚೂರು ಹೆಚ್ಚುಕಡಿಮೆ ಆದರೆ ಕಣ್ಣಿಗೆ ಬೀಳುವುದಿಲ್ಲ, ಸಾಲು ಕೂದಲೆಳೆಯಷ್ಟು ತಪ್ಪಿದರೆ ದೂರದಿಂದಲೇ ಎದ್ದು ಕಾಣುತ್ತದೆ. ದರ್ಜಿಗಳು ಬಟ್ಟೆ ಮೇಲೆ ಗುರುತು ಎಳೆಯುವ ಹಲ್ಲಿನ ಚಕ್ರ ಇದೆಯಲ್ಲ, ಅದರ ಹಲ್ಲು ಬಹಳ ದೂರ ದೂರ. ದುರ್ಗದ ಬೈಲಿನ ಹತ್ತಿರ ಗಡಿಯಾರ ರಿಪೇರಿ ಮಾಡುವ ಅಜ್ಜನೊಬ್ಬನ ಮುಂದೆ ನನ್ನ ಕಷ್ಟ ಹೇಳಿಕೊಂಡೆ. ಸತ್ತ ಅಲಾರಾಂ ಗಡಿಯಾರಗಳ ಡಬ್ಬಿಯನ್ನೇ ಮುಂದೆ ಸುರಿದ.

"ನಿಮಗ ಯಾವ ಹಲ್ಲು ಬೇಕು ನೋಡಿ ಆರಿಸ್ಕೋರಿ. ಇವು ಹೊತ್ತಂತೂ ತೋರಸೂದಿಲ್ಲ, ನಿಮ್ಮ ರೈಲರ ನಡಸಲಿ."

ಹಿತ್ತಾಳೆಯ ಚಕ್ರ, ಹಲ್ಲಿನ ಅಂತರ ಒಂದು ಮಿಲಿಮೀಟರಿಗೆ ತುಸು ಹೆಚ್ಚು. ಹಲ್ಲಿನ ತುದಿಗಳನ್ನು ಚೂರು ಅರದಿಂದ ಉಜ್ಜಿ ದುಂಡಗೆ ಮಾಡಿ, ಒಂದು ಪೆನ್ನಿನ ಕೊಳವೆಗೆ ಸೀಳು ಹಾಕಿ ಗುಂಡುಪಿನ್ನಿನಿಂದ ಅದರೊಳಗೆ ಕೂಡಿಸಿದೆ. ಕೆಳಗೆ ಹಳೆಯ ಕ್ಯಾಲೆಂಡರಿನ ನಾಲ್ಕಾರು ಹಾಳೆಗಳ ಮೆತ್ತೆ, ಮೇಲೆ ಕಾಲು ಮಿಲಿಮೀಟರಿನ ಹಾಳೆ, ಪಕ್ಕಕ್ಕೆ ಸ್ಟೀಲ್ ಸ್ಕೇಲು. ಚಕ್ರವನ್ನು ಸ್ಕೇಲಿಗೆ ಆನಿಸಿ ಒಂದೇ ಒತ್ತಡದಲ್ಲಿ ಎಳೆದರೆ ಕಿರ್ ಅಂತ ಸಣ್ಣ ಸದ್ದು ಬಂದು ಸಾಲು ಮೂಡುತ್ತದೆ. ಹಾಳೆ ತಿರುಗಿಸಿ ಬೆಳಕಿಗೆ ವಾರೆ ಹಿಡಿದಾಗ ಸಾಲಿನ ಸಾಲು ರೈವೆಟ್ ನೆರಳು ಚೆಲ್ಲುವುದನ್ನು ನೋಡಬೇಕು. ಮೆತ್ತೆ ಹೆಚ್ಚಾದರೆ ಹಾಳೆಯೇ ಬಾಗುತ್ತದೆ, ಕಡಿಮೆಯಾದರೆ ಹಲ್ಲು ಹಾಳೆಯನ್ನು ತೂತು ಮಾಡುತ್ತದೆ. ಆ ಹದ ಕೈಗೆ ಬರುವವರೆಗೆ ಚೂರುಗಳ ಮೇಲೆ ಎಳೆಯುತ್ತಿರಬೇಕು, ಬೇರೆ ದಾರಿ ಇಲ್ಲ.

ಇದನ್ನೆಲ್ಲ ಈಗ ತ್ರೀಡಿ ಪ್ರಿಂಟರಿನಲ್ಲಿ ಮಾಡಬಹುದಲ್ಲ ಅಂತ ನಮ್ಮ ಅಳಿಯ ಹೇಳುತ್ತಲೇ ಇರುತ್ತಾನೆ. ಮಾಡಬಹುದು. ಆ್ಯಕ್ಸಲ್ ಬಾಕ್ಸಿನಂಥ ಒಂದೇ ಥರದ ಸಣ್ಣ ಸಾಮಾನು ನೂರಾರು ಬೇಕಾದಾಗ ಅದೇ ಒಳ್ಳೆಯದು, ನನಗೂ ಅವನೇ ಮಾಡಿಕೊಟ್ಟ. ಮೈಯನ್ನು ಮಾತ್ರ ಹಾಳೆಯಿಂದ ಕಟ್ಟಿದಷ್ಟು ಚೊಕ್ಕ ಅಂಚು ಪ್ರಿಂಟರಿನಿಂದ ಬರುವುದಿಲ್ಲ ಅನ್ನುವುದು ನನ್ನ ಹಟ. ಹಟ ಅಂತಲೇ ಅಂದುಕೊಳ್ಳಿ.

ಹಾಳೆಗಳನ್ನು ಅಂಟಿಸಲು ಅಂಟು ಬೇಡ, ಎನ್.ಸಿ. ಥಿನ್ನರ್ ಸಾಕು. ಎರಡು ತುಂಡು ಒತ್ತಿ ಹಿಡಿದು ಸಂದಿನ ಬಾಯಿಗೆ ಕುಂಚದ ತುದಿ ತಾಗಿಸಿದರೆ ಥಿನ್ನರ್ ತಾನಾಗಿ ಸಂದಿನುದ್ದಕ್ಕೂ ಹರಿದು, ಎರಡೂ ಮೈ ಕರಗಿ ಒಂದಾಗುತ್ತವೆ. ಒಂದು ಹನಿ ಹೆಚ್ಚಾದರೆ ತೆಳು ಹಾಳೆ ಮೆತ್ತಗಾಗಿ ರೈವೆಟ್ ಕರಗಿ ಹೋಗುತ್ತದೆ, ಆದ್ದರಿಂದ ಕುಂಚವನ್ನು ಮೊದಲು ಬಟ್ಟೆಗೆ ಒತ್ತಿಕೊಂಡೇ ಮುಟ್ಟಿಸಬೇಕು. ಕಿಟಕಿ ತೆರೆದಿಡಿ, ಅದರ ವಾಸನೆ ತಲೆಗೇರುತ್ತದೆ, ಬೆಂಕಿಗಂತೂ ದೂರ ಇರಲಿ.

ಮಾಡು ಬಾಗಿದ್ದು. ಎರಡು ತೆಳು ಹಾಳೆಗಳ ನಡುವೆ ಥಿನ್ನರ್ ಬಳಿದು, ಒಂದರ ಮೇಲೊಂದು ಇಟ್ಟು, ಪಿ.ವಿ.ಸಿ. ಪೈಪಿಗೆ ಸುತ್ತಿ ಬ್ಯಾಂಡೇಜ್ ಪಟ್ಟಿಯಿಂದ ಬಿಗಿದು ರಾತ್ರಿಯಿಡೀ ಬಿಟ್ಟರೆ ಆ ಬಾಗು ಹಾಗೇ ನಿಲ್ಲುತ್ತದೆ. ಪೈಪಿನ ಗಾತ್ರ ಬೇಕಾದ ಬಾಗಿಗಿಂತ ಒಂದಿಷ್ಟು ಸಣ್ಣದಿರಲಿ, ಬಿಚ್ಚಿದ ಮೇಲೆ ಹಾಳೆ ಸ್ವಲ್ಪ ಹಿಂದಕ್ಕೆ ಬರುತ್ತದೆ.

ಬಾಗಿಲಿನ ಹೊತ್ತಿಗೆ ಕಾಕಾನನ್ನು ಕರೆದೆ. ಎರಡೆಲೆಯ ಬಾಗಿಲು, ಅಗುಳಿ, ಅದಕ್ಕೆ ಸೀಲು ಹಾಕುವ ಕೊಂಡಿ. ಅವರು ಕನ್ನಡಕ ಹಣೆಗೇರಿಸಿ ನೋಡಿ, "ಲೇಬಲ್ ಎಲ್ಲಿ ಹಾಕತಿ?" ಅಂದರು. ಡಬ್ಬಿಯ ಮೈಮೇಲೆ ಒಂದು ಸಣ್ಣ ತಗಡಿನ ಚೌಕಟ್ಟು ಇರುತ್ತಿತ್ತಂತೆ, ಎಲ್ಲಿಂದ ಎಲ್ಲಿಗೆ, ಏನು ಮಾಲು ಅಂತ ಬರೆದ ಚೀಟಿ ಅದರೊಳಗೆ. ನೆಲಕ್ಕೆ ಕೂತಿದ್ದ ಡಬ್ಬಿಯ ಫೋಟೋಗಳನ್ನು ಮತ್ತೆ ದೊಡ್ಡದು ಮಾಡಿ ನೋಡಿದರೆ, ಅದಿದ್ದ ಜಾಗದಲ್ಲಿ ನಾಲ್ಕು ತೂತುಗಳು ಕಂಡವು. ಚೀಟಿ ಇಲ್ಲದ ಡಬ್ಬಿ ಅಂದರೆ ಗೂಡ್ಸ್ ಕ್ಲಾರ್ಕಿಗೆ ಯಾರಿಗೂ ಸೇರದ ಡಬ್ಬಿ ಅಂತ ಕಾಕಾ ಹೇಳಿದರು. ಎರಡೂವರೆ ಮಿಲಿಮೀಟರಿನ ಒಂದು ಚೌಕಟ್ಟು ಕತ್ತರಿಸಿ ಕೂಡಿಸಿದೆ.

ಹತ್ತಿ ಯಾಕೆ ಮುಚ್ಚಿದ ಡಬ್ಬಿಯಲ್ಲೇ ಹೋಗಬೇಕು ಅನ್ನುವುದು ಇಂಜಿನ್ನಿನ ಕಡೆ ನೋಡಿದರೆ ತಿಳಿಯುತ್ತದೆ. ಕಲ್ಲಿದ್ದಲ ಇಂಜಿನ್ ಕಿಡಿ ಉಗುಳುತ್ತ ಓಡುತ್ತಿತ್ತು, ತೆರೆದ ಡಬ್ಬಿಯ ಮೇಲೆ ತಾಡಪತ್ರಿ ಹೊದಿಸಿದರೂ ಭರವಸೆ ಇರಲಿಲ್ಲ. ಮಳೆಯ ಭಯ ಬೇರೆ. ಗದಗಿನ ಜಿನ್ನು, ಪ್ರೆಸ್ಸುಗಳಲ್ಲಿ ಒತ್ತಿ ಪಟ್ಟಿ ಬಿಗಿದ ಬೇಲುಗಳು ಹುಬ್ಬಳ್ಳಿ, ಲೋಂಡಾ ದಾಟಿ ಘಟ್ಟ ಇಳಿದು ಮರ್ಮಗೋವಾ ಬಂದರಿಗೆ ಹೋಗಬಹುದಿತ್ತು. ಇಲ್ಲವೇ ಉತ್ತರಕ್ಕೆ ಹೋಟಗಿಗೆ ಹೋಗಬಹುದಿತ್ತು. ಅಲ್ಲಿ ಮೀಟರ್ ಗೇಜ್ ಮುಗಿದು ಬ್ರಾಡ್ ಗೇಜ್ ಸಿಗುತ್ತಿತ್ತು, ಮುಂದೆ ಹೋಗಬೇಕಾದ ಮಾಲನ್ನೆಲ್ಲ ಹಮಾಲರು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ದಾಟಿಸಬೇಕು. ಬೇಲು ಎಷ್ಟೇ ಒತ್ತಿದರೂ ಹತ್ತಿ ಹಗುರ. ಡಬ್ಬಿ ಮಾಡಿನವರೆಗೆ ತುಂಬಿದರೂ ಅದು ಹೊರಬಲ್ಲ ತೂಕ ತುಂಬುತ್ತಿರಲಿಲ್ಲ. ಅದೇ ಸಂಡೂರಿನ ಮ್ಯಾಂಗನೀಸ್ ಅದಿರು ಹೊತ್ತ ತೆರೆದ ಡಬ್ಬಿಯಲ್ಲಿ ತದ್ವಿರುದ್ಧ, ಅರ್ಧ ತುಂಬುವಷ್ಟರಲ್ಲಿ ತೂಕ ಮುಗಿದುಹೋಗುತ್ತದೆ. ಅದಿರಿನ ಮಾದರಿಯನ್ನು ಬಾಯಿತನಕ ತುಂಬಿಸಿ ತೋರಿಸುವವರನ್ನು ಕಂಡರೆ ನನಗೆ ಕೈ ಕೆರೆಯುತ್ತದೆ.

ಈ ಲೆಕ್ಕ ಅಡಿಗಟ್ಟಿಗೂ ಬರುತ್ತದೆ. ಭಾರ ಹೊತ್ತ ಡಬ್ಬಿಯ ಕಮಾನ್ ಪಟ್ಟಿ ಚಪ್ಪಟೆಯಾಗಿ ಮೈ ಕೆಳಗಿಳಿದಿರುತ್ತದೆ, ಹತ್ತಿ ಡಬ್ಬಿ ತುಸು ಎತ್ತರದಲ್ಲೇ ನಿಂತಿರುತ್ತದೆ. ನಾನು ಮಾಡಿದ ಕಮಾನ್ ಪಟ್ಟಿ, ಕಾಗದದ ಐದಾರು ಪದರ ಒಂದರ ಮೇಲೊಂದು ಕೂಡಿಸಿದ್ದು, ಬಾಗು ಎದ್ದು ಕಾಣುವಂತಿದೆ. ಆ್ಯಕ್ಸಲ್ ಬಾಕ್ಸ್ ಯಾವ ಬಗೆಯದು ಅನ್ನುವುದಕ್ಕೂ ಮತ್ತೆ ಇಸವಿಯೇ ಉತ್ತರ. ರೋಲರ್ ಬೇರಿಂಗ್ ಇದ್ದರೆ ಮುಂದೆ ಬೋಲ್ಟ್ ಹಾಕಿದ ದುಂಡು ಮುಚ್ಚಳ. ಹಳೆಯ ಬಗೆಯದಾದರೆ ಎತ್ತಿ ಎಣ್ಣೆ ಹಾಕುವ ವಾರೆ ಮುಚ್ಚಳ, ಒಳಗೆ ಎಣ್ಣೆಯಲ್ಲಿ ನೆನೆಸಿದ ನೂಲಿನ ವೇಸ್ಟು. ಕಾಕಾ ಹಳೆಯದೇ ಇರಲಿ ಅಂದರು, ಅವರ ಅರ್ಧ ಆಯುಷ್ಯ ಅದರ ಮುಂದೆ ಕಳೆದದ್ದು.

"ಗಾಡಿ ಬಂದು ನಿಂತ ಕೂಡ್ಲೆ ಕೈ ಹಿಂದಿನ ಮೈ ಹಿಡೀಬೇಕು ಬಾಕ್ಸಿಗೆ. ಅಂಗೈ ಹಿಡದ್ರ ಸುಟ್ಟಮ್ಯಾಲ ಸುತ್ತಿಗಿ ಹಿಡಿಯಾಕ ಬರೂದಿಲ್ಲ ನೋಡು."

ಬಿಸಿಯಾದ ಆ್ಯಕ್ಸಲ್ ಅಂದರೆ ಡಬ್ಬಿಯನ್ನು ಗಾಡಿಯಿಂದ ಬಿಡಿಸಿ ಸಿಕ್ ಲೈನಿಗೆ, ಅಂದರೆ ಕೆಟ್ಟ ಡಬ್ಬಿಗಳ ರಿಪೇರಿ ಹಳಿಗೆ, ತಳ್ಳುವುದು. ಹತ್ತಿ ತುಂಬಿದ ಡಬ್ಬಿಯ ಕೆಳಗೆ ಬಿಸಿ ಆ್ಯಕ್ಸಲ್ ಇದ್ದರೆ ಏನಾಗಬಹುದು ಅಂತ ಬೇರೆ ಹೇಳಬೇಕಿಲ್ಲ.

ನಾಲ್ಕು ಗಾಲಿಯ ಮಾದರಿ ಹಳಿಯ ಮೇಲೆ ನಿಲ್ಲಬೇಕಾದರೆ ಒಂದು ಉಪಾಯ ಬೇಕು. ನಾಲ್ಕೂ ಗಾಲಿ ಬಿಗಿಯಾಗಿದ್ದರೆ ಹಳಿಯ ಸಣ್ಣ ಏರುಪೇರಿಗೂ ಒಂದು ಗಾಲಿ ಗಾಳಿಯಲ್ಲಿ ತೇಲುತ್ತದೆ, ಅಲ್ಲೇ ಹಳಿ ತಪ್ಪುತ್ತದೆ. ಹಾಗಾಗಿ ಒಂದು ಕಡೆಯ ಆ್ಯಕ್ಸಲನ್ನು ಬಿಗಿಯಾಗಿ ಇಟ್ಟು, ಇನ್ನೊಂದು ಕಡೆಯದನ್ನು ನಡುವಿನ ತಂತಿಯ ಮೇಲೆ ತೂಗುವಂತೆ ಬಿಟ್ಟೆ. ಆಗ ಡಬ್ಬಿ ಮೂರು ಬಿಂದುಗಳ ಮೇಲೆ ಕೂತಂತಾಗುತ್ತದೆ, ನಾಲ್ಕೂ ಗಾಲಿ ಹಳಿಗೆ ತಾಗಿಯೇ ಇರುತ್ತವೆ. ತೂಕಕ್ಕೆ ಅಮೆರಿಕದ ಎನ್.ಎಂ.ಆರ್.ಎ. ಸಂಸ್ಥೆ ಎಚ್.ಒ. ಡಬ್ಬಿಗೆ ಒಂದು ಔನ್ಸ್, ಅದರ ಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್ ಅಂತ ಹೇಳುತ್ತದೆ. ಅದು 16.5ರ ಹಳಿಯ ಮಾತು. ನನ್ನ ಕಿರಿದಾದ ಹಳಿಗೆ ಅಷ್ಟು ಬೇಕಾಗಲಿಲ್ಲ. ಟೈರ್ ಅಂಗಡಿಯಲ್ಲಿ ಕಾರಿನ ಗಾಲಿ ಬ್ಯಾಲೆನ್ಸ್ ಮಾಡಲು ಅಂಟಿಸುವ ಐದು ಗ್ರಾಮಿನ ಪಟ್ಟಿಗಳಿವೆಯಲ್ಲ, ಅವನ್ನೇ ತಳದ ಒಳಗೆ ಸಾಲಾಗಿ ಅಂಟಿಸಿದೆ. ಹಿಂದೆ ಅಂಟು ಇದ್ದೇ ಇರುತ್ತದೆ, ಇದಕ್ಕೆಂದೇ ಮಾಡಿದ ಹಾಗೆ.

ಬ್ರೇಕಿನ ಸಾಮಾನುಗಳು ಕೆಳಗೆ ಅಡಗಿರುತ್ತವೆ, ಆದರೂ ಮಾಡಿದೆ. ವ್ಯಾಕ್ಯೂಮ್ ಸಿಲಿಂಡರು ಒಂದು ಔಷಧಿ ಗುಳಿಗೆಯ ಖಾಲಿ ಕ್ಯಾಪ್ಸೂಲಿನಿಂದ, ಸರಳುಗಳು ಗಿಟಾರ್ ತಂತಿಯಿಂದ, ಎರಡೂ ತುದಿಗೆ ಮೇಲೆ ಬಾಗಿದ ಹೋಸ್ ಪೈಪು. ಈ ಬ್ರೇಕಿನ ಗುಟ್ಟು ಇಷ್ಟೇ: ಪೈಪಿನಲ್ಲಿ ಗಾಳಿ ಇಲ್ಲದಿರುವಷ್ಟು ಹೊತ್ತು ಬ್ರೇಕು ಬಿಟ್ಟಿರುತ್ತದೆ, ಗಾಳಿ ನುಗ್ಗಿತೋ ಹಿಡಿಯುತ್ತದೆ. ಹೀಗಾಗಿ ಗಾಡಿ ನಡುವೆ ತುಂಡಾದರೂ ಎರಡೂ ತುಂಡು ತಾನಾಗಿ ನಿಲ್ಲುತ್ತವೆ. ಬಫರ್ ವಿಷಯದಲ್ಲಿ ಬ್ರಾಡ್ ಗೇಜಿನ ಚಿತ್ರ ನೋಡಿ ನಕಲು ಮಾಡಬಾರದು. ಅಲ್ಲಿ ಆ ಕಾಲಕ್ಕೆ ಎರಡು ಪಕ್ಕಕ್ಕೆ ಎರಡು ಬಫರು, ನಡುವೆ ಡಬ್ಬಿಗಳನ್ನು ಕೂಡಿಸುವ ಸ್ಕ್ರೂ. ಮೀಟರ್ ಗೇಜಿನಲ್ಲಿ ನಡುವೆ ಒಂದೇ ಬಫರು, ಅದಕ್ಕೇ ಕೊಕ್ಕೆ. ತಳ್ಳುವುದು, ಎಳೆಯುವುದು ಎರಡೂ ಅದರಿಂದಲೇ.

ಬಣ್ಣ ಸುಲಭವಾಯಿತು. ಹಾರ್ಡ್‌ವೇರ್ ಅಂಗಡಿಯ ರೆಡ್ ಆಕ್ಸೈಡ್ ಪ್ರೈಮರನ್ನು ಹಳೆಯ ಧೋತರದ ಬಟ್ಟೆಯಲ್ಲಿ ಸೋಸಿ, ಚೂರು ಬಿಳಿ ಬೆರೆಸಿ ಹೊಡೆದೆ. ಬಿಳಿ ಯಾಕೆ ಅಂದರೆ, ಸಣ್ಣ ವಸ್ತುವಿನ ಮೇಲೆ ಅಸಲು ಬಣ್ಣ ಯಾವಾಗಲೂ ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ.

ಅಕ್ಷರಗಳು ಮಾತ್ರ ಸತಾಯಿಸಿದವು. ಕೆಂಗಂದು ಮೈಮೇಲೆ ಬಿಳಿ ಅಕ್ಷರ ಬೇಕು. ಮನೆಯ ಪ್ರಿಂಟರಿನಲ್ಲಿ, ಝೆರಾಕ್ಸ್ ಅಂಗಡಿಯ ಪ್ರಿಂಟರಿನಲ್ಲಿ ಬಿಳಿ ಶಾಯಿ ಅನ್ನುವುದೇ ಇಲ್ಲ, ಅವಕ್ಕೆ ಬಿಳಿ ಅಂದರೆ ಕಾಗದ. ಕೊನೆಗೆ ನೆನಪಾದದ್ದು ಗದಗ. ಮುದ್ರಣಕ್ಕೆ ಹೆಸರಾದ ಊರು, ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಲಗ್ನಪತ್ರಿಕೆ ಮಾಡುವವರು ಬಿಳಿ, ಬಂಗಾರ ಏನು ಬೇಕಾದರೂ ಹಾಕುತ್ತಾರೆ. ನೀರಿನಲ್ಲಿ ಕಳಚಿಕೊಳ್ಳುವ ಡೆಕಲ್ ಕಾಗದ ನಾನೇ ಒಯ್ದಿದ್ದೆ. ಬೆಟಗೇರಿ ಕಡೆಯ ಒಂದು ಸಣ್ಣ ಅಂಗಡಿಯವರು ನನ್ನ ಹಾಳೆ ನೋಡಿ ಕಣ್ಣಿಗೆ ಹತ್ತಿರ ಹಿಡಿದರು.

"ಇದೇನ್ರೀ ಸರ, ಇರಬಿ ಲಗ್ನಪತ್ರಿಕಿ ಏನು?"

ಅಕ್ಷರದ ಎತ್ತರ ಒಂದು ಮಿಲಿಮೀಟರ್. ಸ್ಕ್ರೀನಿನ ಬಟ್ಟೆಯ ಎಳೆಗಳೇ ಅಕ್ಷರದ ಗೆರೆಗೆ ಅಡ್ಡ ಬರುತ್ತವೆ, ಗೆರೆ ಕಡಿದು ಕಡಿದು ಬೀಳುತ್ತದೆ. ಅವರು ತಮ್ಮಲ್ಲಿದ್ದ ಎಲ್ಲಕ್ಕಿಂತ ನುಣ್ಣನೆಯ ಬಟ್ಟೆ ತೆಗೆದು, ಅಕ್ಷರಗಳನ್ನು ಸ್ಕ್ರೀನಿನಲ್ಲಿ ತುಸು ಓರೆಯಾಗಿ ಕೂಡಿಸಿದರು. ಎಳೆ ಅಡ್ಡವಿದ್ದು ಗೆರೆ ಓರೆಯಾದರೆ ಪೂರ್ತಿ ಮುಚ್ಚಿಹೋಗುವುದಿಲ್ಲ ಅಂತ ಅವರ ಲೆಕ್ಕ, ಸರಿಯಾಗಿಯೇ ಇತ್ತು. ದಕ್ಷಿಣ ಮಧ್ಯದ ಅಕ್ಷರ ಇಂಗ್ಲಿಷಿನಲ್ಲೂ ದೇವನಾಗರಿಯಲ್ಲೂ, ಡಬ್ಬಿಯ ನಂಬರು, ಖಾಲಿ ತೂಕ, ಹೊರುವ ತೂಕ ಇಷ್ಟು ಸ್ಪಷ್ಟ ಬಂದವು. ಪಿ.ಓ.ಎಚ್. ತಾರೀಖಿನ ಸಾಲು ಭೂತಗನ್ನಡಿ ಇಲ್ಲದೆ ಓದಲು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅಂಗಡಿಯವರು ಕೂಲಿ ತೆಗೆದುಕೊಳ್ಳಲು ಒಪ್ಪಲಿಲ್ಲ, ಬರೀ ಶಾಯಿಯ ದುಡ್ಡು ಅಂದರು. ತಯಾರಾದ ಡಬ್ಬಿಯ ಫೋಟೋ ಅವರ ಮೊಬೈಲಿಗೆ ಕಳಿಸಬೇಕು ಅಂತ ಕರಾರು.

ಪಿ.ಓ.ಎಚ್. ಅಂದರೆ ನಿಗದಿತ ಅವಧಿಗೊಮ್ಮೆ ವರ್ಕ್‌ಶಾಪಿಗೆ ಒಯ್ದು ಡಬ್ಬಿಯನ್ನು ಪೂರ್ತಿ ಬಿಚ್ಚಿ ರಿಪೇರಿ ಮಾಡುವುದು. ಎಲ್ಲಿ, ಯಾವಾಗ ಆಯಿತು, ಮುಂದಿನದು ಯಾವಾಗ ಅಂತ ಮೈಮೇಲೆ ಬರೆದಿರುತ್ತದೆ. ನಾನು ಹುಬ್ಬಳ್ಳಿ ವರ್ಕ್‌ಶಾಪನ್ನೇ ಬರೆಸಿದ್ದೆ. ಆದರೆ ಕಾಕಾ ಹೇಳಿದ್ದು ಕೇಳಿದ ಮೇಲೆ ಮುಂದಿನ ಡಬ್ಬಿಗಳಿಗೆ ಬೇರೆ ಲೆಕ್ಕ ಹಾಕಿಕೊಂಡಿದ್ದೇನೆ. ಮೀಟರ್ ಗೇಜಿನ ಡಬ್ಬಿಗಳು ಒಂದೇ ರೈಲ್ವೆಯೊಳಗೆ ಸುತ್ತುತ್ತಿರಲಿಲ್ಲ. ಈಶಾನ್ಯ ರೈಲ್ವೆಯದು, ಪಶ್ಚಿಮ ರೈಲ್ವೆಯದು ಎಲ್ಲ ಬೆರೆತು ಎಲ್ಲಿಂದೆಲ್ಲಿಗೋ ಬರುತ್ತಿದ್ದವು. ಗದಗಿನ ಗೂಡ್ಸ್ ಯಾರ್ಡಿನಲ್ಲಿ ಗೋರಖಪುರ ಕಡೆಯ ಡಬ್ಬಿ ನಿಂತಿದ್ದರೆ ಆಶ್ಚರ್ಯಪಡುವಂಥದ್ದು ಏನಿರಲಿಲ್ಲ. ಹಾಗಾಗಿ ಎಲ್ಲ ಡಬ್ಬಿಗೂ ದಕ್ಷಿಣ ಮಧ್ಯ ಅಂತಲೇ ಬರೆದ ಗಾಡಿ ನೋಡಲು ಶಿಸ್ತಾಗಿದ್ದರೂ ಸುಳ್ಳು.

ಕೊನೆಗೆ ಧೂಳು. ಪೇಟೆಯಲ್ಲಿ ಸಿಗುವ ಧೂಳಿನ ಪುಡಿ ಯಾವ ದೇಶದ್ದೋ. ನಾನು ಹುಲಕೋಟಿ ಹತ್ತಿರದ ಹೊಲದ ಎರಿ ಮಣ್ಣು ತಂದೆ. ಅದನ್ನು ಹಾಗೇ ಉದುರಿಸಿದರೆ ಕಲ್ಲು ಹರಳು ಕಾಣುತ್ತವೆ, 87 ಪಟ್ಟು ದೊಡ್ಡದು ಮಾಡಿದರೆ ಅವು ಬಂಡೆಗಳೇ. ಗ್ಲಾಸಿನಲ್ಲಿ ನೀರಿಗೆ ಹಾಕಿ ಕಲಕಿ, ದಪ್ಪ ಹರಳು ಕೆಳಗೆ ಕೂತ ಮೇಲೆ ಮೇಲಿನ ಕದಡು ನೀರನ್ನು ಮಾತ್ರ ಬೇರೆ ಬಸಿದು ಒಣಗಿಸಿದೆ. ಉಳಿದದ್ದು ಮುಖಕ್ಕೆ ಬಳಿಯುವಷ್ಟು ನುಣುಪು. ಅದನ್ನು ಕುಂಚದಿಂದ ಮೈಯ ಕೆಳಭಾಗಕ್ಕೆ, ಮಾಡಿನ ಅಂಚಿಗೆ ತಾಗಿಸಿ, ಮೇಲೆ ತೆಳುವಾಗಿ ಮ್ಯಾಟ್ ವಾರ್ನಿಶ್. ಗಾಲಿಯ ಸುತ್ತ ಬಣ್ಣ ಬೇರೆ, ಅಲ್ಲಿ ಬೀಡು ಕಬ್ಬಿಣದ ಬ್ರೇಕ್ ಬ್ಲಾಕು ಸವೆದು ಉದುರಿದ ತುಕ್ಕಿನ ಪುಡಿ ಹತ್ತಿರುತ್ತದೆ. ಬಿಳಿ ಪೆನ್ಸಿಲಿನಿಂದ ಟಿ.ಎಕ್ಸ್.ಆರ್. ಚಾಕ್‌ಪೀಸಿನಲ್ಲಿ ಗೀಚುವ ಗುರುತುಗಳನ್ನು ಕಾಕಾನ ಕೈಯಿಂದಲೇ ಹಾಕಿಸಿದೆ. ಕೈ ನಡುಗುತ್ತದೆ ಅಂದರೂ ಗುರುತು ಹಾಕುವಾಗ ನಡುಗಲಿಲ್ಲ.

ಓಡಿಸಿದ ದಿನ ಹಲಗೆಯ ಮೇಲಿನ ಹಳಿಯಲ್ಲಿ ಎರಡು ತಿರುವು, ಒಂದು ಕ್ರಾಸಿಂಗ್ ದಾಟಿತು. ತಿರುವಿನಲ್ಲಿ ಹೋಸ್ ಪೈಪು ಪಕ್ಕದ ಡಬ್ಬಿಗೆ ತಾಗುತ್ತಿತ್ತು, ಅದನ್ನು ತುಸು ಒಳಕ್ಕೆ ಬಾಗಿಸಿದ ಮೇಲೆ ಸರಿಹೋಯಿತು. ಕಾಕಾ ಬಗ್ಗಿ ಗಾಲಿಯ ಮಟ್ಟಕ್ಕೆ ಕಣ್ಣು ತಂದು ಒಂದು ಸುತ್ತು ನೋಡಿದರು. ಇಂಜಿನ್ ಕಡೆಯಿಂದ ಕೊನೆಯವರೆಗೆ, ನಡೆಯುವ ಹಾಗೆಯೇ. ಚಲೋ ಆಗೈತಿ ಅಂತಾರೇನೋ ಅಂತ ಕಾದೆ.

"ಗಾರ್ಡ್ ಡಬ್ಬಿ ಎಲ್ಲೈತಿ?"

"ಅದನ್ನಿನ್ನೂ ಮಾಡಿಲ್ಲ ಕಾಕಾ."

"ಮತ್ತ ಗಾಡಿ ಹೆಂಗ ಬಿಟ್ಟಿ? ಹಿಂದ ಬ್ರೇಕ್ ವ್ಯಾನ್ ಇಲ್ದ ನಾ ಪಾಸ್ ಮಾಡೂದಿಲ್ಲ. ನಿಲ್ಲಸು ಅದನ್ನ."

ನಿಲ್ಲಿಸಿದೆ. ಬ್ರೇಕ್ ವ್ಯಾನಿನ ನಕ್ಷೆ ಈಗ ಅರ್ಧ ಆಗಿದೆ. ವರಾಂಡದ ಕಂಬಿಗೆ ಗಿಟಾರ್ ತಂತಿ ಇದೆ, ಹಿಂದಿನ ದೀಪಕ್ಕೆ ಕೆಂಪು ಮಣಿ ಸಿಗಬೇಕು. ಗಾರ್ಡ್ ಕೂಡುವ ಕುರ್ಚಿ ಯಾವ ಕಡೆ ಮುಖ ಮಾಡಿತ್ತು ಅನ್ನುವುದರ ಮೇಲೆ ಕಾಕಾನಿಗೂ ಅವರ ದೋಸ್ತ ನಿವೃತ್ತ ಗಾರ್ಡಿಗೂ ವಾದ ನಡೆದಿದೆ. ಅದು ಮುಗಿಯುವ ತನಕ ಒಳಗಿನ ಕೆಲಸಕ್ಕೆ ನಾನು ಕೈ ಹಚ್ಚುವುದಿಲ್ಲ.